ಕ್ಯೋಟೋದಲ್ಲಿ ತೆಂಗಿನೆಣ್ಣೆ

ಫೆಬ್ರವರಿ 9, ಭಾನುವಾರ

ಅಂತೂ ಇಂತೂ ಬಿಡುಗಡೆ ಮುಗಿಯಿತು. ತುರುವೇಕೆರೆಯ ಕಲ್ಯಾಣ ಮಂಟಪದ ಊಟದ ಹಾಲಿನಲ್ಲಿ ಅರವತ್ತು ಕುರ್ಚಿ ಹಾಕಿಸಿದ್ದೆವು. ಬಂದವರು ಮೂವತ್ತೊಂದು ಜನ. ಅದರಲ್ಲಿ ಹತ್ತು ಜನ ನಮ್ಮ ಯಜಮಾನರ ನೆಂಟರು, ಕೇಸರಿಬಾತಿಗೆ ಬಂದವರು. ನಿವೃತ್ತ ಹೆಡ್‌ಮಾಸ್ಟರ್ ಶ್ರೀರಂಗಯ್ಯನವರು ಪುಸ್ತಕ ಬಿಡುಗಡೆ ಮಾಡಿ ಮುಕ್ಕಾಲು ಗಂಟೆ ಮಾತಾಡಿದರು. ಜಪಾನಿನ ರೈಲು, ಜಪಾನಿನ ಗಡಿಯಾರ, ಜಪಾನಿನವರ ಶಿಸ್ತು. ನನ್ನ ಕಾದಂಬರಿ ‘ಮೂರು ತಂತಿಯ ಮನೆ’ಯ ಹೆಸರು ಅವರ ಬಾಯಲ್ಲಿ ಒಂದೇ ಸಲ ಬಂತು, ಅದೂ ಕೈಯಲ್ಲಿದ್ದ ಪುಸ್ತಕದ ರಟ್ಟು ನೋಡಿಕೊಂಡು. ಇಪ್ಪತ್ತೊಂಬತ್ತು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿದವಳು ನಾನು. ಓದದೆ ಬಂದು ಪುಟ ತುಂಬಿಸುವವರನ್ನು ದೂರದಿಂದಲೇ ಗುರುತು ಹಿಡಿಯುತ್ತೇನೆ. ಅವರಿಗೆ ಹತ್ತಕ್ಕೆ ಒಂದು ಅಂಕ.

ನೂರೈವತ್ತು ವರ್ಷದ ಹಿಂದೆ ಕ್ಯೋಟೋದಲ್ಲಿ ಮೂರು ತಂತಿಯ ವಾದ್ಯ ನುಡಿಸಿ, ಹಾಡಿ, ಕುಣಿದು, ದೊಡ್ಡವರ ಮನೆ ಔತಣಗಳಲ್ಲಿ ಜನರನ್ನು ನಗಿಸಿ ಬದುಕಿದ ಕಿಯೋ ಎಂಬ ಗೇಶಾಳ ಕಥೆ. ನಾಲ್ಕು ವರ್ಷ ಕೂತು ಬರೆದೆ. ಬೆಂಗಳೂರಿನ ಪತ್ರಿಕೆಗೆ ಎರಡು ಪ್ರತಿ ಕಳಿಸಿದ್ದೇನೆ. ಅಲ್ಲಿ ನಾಲ್ಕು ಸಾಲು ಬಂದರೆ ಬರೆದದ್ದೂ ಸಾರ್ಥಕ.

ನನ್ನನ್ನು ಸಾಕಿದ ಚಿಕ್ಕಮ್ಮ ಮಂಡಿನೋವು ಎಂದು ಮನೆಯಲ್ಲೇ ಉಳಿದಳು. ಒಳ್ಳೆಯದೇ ಆಯಿತು. ಅವಳಿಗೆ ಅಕ್ಷರ ಬಾರದು. ಆ ಪುಸ್ತಕದಲ್ಲಿ ಏನಿದೆ ಎಂದು ಅವಳ ಕಿವಿಗೆ ಬೀಳದಿದ್ದರೆ ಅಷ್ಟೇ ಸಾಕು.

ಫೆಬ್ರವರಿ 13, ಗುರುವಾರ

ಓದುಗರ ಫೋನು ಶುರುವಾಗಿದೆ. ತಿಪಟೂರಿನಿಂದ ಒಬ್ಬ ಹೆಂಗಸು: “ಫೋಟೋದಲ್ಲಿ ನೋಡಿದ್ರೆ ಮರ್ಯಾದಸ್ಥರ ಥರ ಕಾಣ್ತೀರ, ಇಂಥೋಳ ಕಥೆ ಯಾಕೆ ಬರೆಯೋಕೆ ಹೋದ್ರಿ ಮೇಡಂ?” ಎಷ್ಟು ಪುಟ ಓದಿದಿರಿ ಎಂದು ಕೇಳಿದೆ. “ಒಳಗೆ ಓದಿಲ್ಲ ಕಣ್ರೀ, ಹಿಂದಿನ ರಟ್ಟು ಓದ್ದೆ.” ಸೊನ್ನೆ.

ತುಮಕೂರಿನಿಂದ ಒಬ್ಬ ನಿವೃತ್ತ ಇಂಜಿನಿಯರ್, ನಾನು ಜಪಾನಿಗೆ ಎಷ್ಟು ಸಲ ಹೋಗಿದ್ದೆ ಎಂದು ವಿಚಾರಿಸಿದರು. ಲೈಬ್ರರಿಗೆ ಹೋಗಿದ್ದೆ ಎಂದೆ. ಅವರಿಗೆ ನನ್ನ ಮೇಲಿದ್ದ ಗೌರವ ಇಳಿದದ್ದು ಫೋನಿನಲ್ಲೇ ಕೇಳಿಸಿತು. ಮೂರು.

ನಮ್ಮ ಯಜಮಾನರು ರಂಗರಾಜು ಒಂಬತ್ತನೇ ಪುಟದಲ್ಲೇ ಬಿಡಾರ ಹೂಡಿದ್ದಾರೆ. “ಹೆಸರುಗಳು ನಾಲಿಗೆ ಮೇಲೆ ಹೊರಳಲ್ಲ ಕಣೇ ಸುನಂದಾ, ಒಂದೊಂದೂ ಔಷಧಿ ಹೆಸರಿದ್ದಂಗವೆ,” ಅನ್ನುತ್ತಾರೆ. ಮೂವತ್ತೈದು ವರ್ಷ ಸಂಸಾರ ಮಾಡಿದ್ದಕ್ಕೆ ಎರಡು ಕೃಪಾಂಕ.

ಫೆಬ್ರವರಿ 17, ಸೋಮವಾರ

ಇವತ್ತಿನ ಫೋನು ನನ್ನನ್ನು ಕೂತಲ್ಲೇ ಕೂರಿಸಿಬಿಟ್ಟಿದೆ.

ಚಿಕ್ಕನಾಯಕನಹಳ್ಳಿಯಲ್ಲಿ ಎಣ್ಣೆ ಗಾಣ ಇಟ್ಟಿರುವ ಸೂರ್ಯಪ್ರಕಾಶ್ ಎನ್ನುವವರು. ಪುಸ್ತಕ ಪೂರ್ತಿ ಓದಿದ್ದಾರೆ, ಚೆನ್ನಾಗಿದೆ ಎಂದರು. ನಾನು ಹಿಗ್ಗುವಷ್ಟರಲ್ಲಿ, “ನೂರ ಹನ್ನೆರಡನೇ ಪುಟ ತೆಗೀರಿ ಮೇಡಂ,” ಎಂದರು. “ಕಿಯೋ ಮುಖದ ಬಣ್ಣಾನ ತೆಂಗಿನೆಣ್ಣೇಲಿ ಒರೆಸ್ಕೊಂಡ್ಲು ಅಂತ ಬರ್ದಿದೀರಿ. ಹಿಮ ಬೀಳೋ ಊರು ಅದು. ಅಲ್ಲಿ ತೆಂಗಿನಮರ ಎಲ್ಲಿಂದ ಬರ್ಬೇಕು? ಕ್ಯೋಟೋ ಏನು ತಿಪಟೂರಾ?”

ನಾಚಿಕೆಯಿಂದ ಸತ್ತೇ ಹೋದೆ. ಅಲ್ಲಿನವರು ಯಾವ ಹೂವಿನ ಬೀಜದ ಎಣ್ಣೆ ಬಳಸುತ್ತಿದ್ದರು ಎಂದು ಟಿಪ್ಪಣಿ ಮಾಡಿಟ್ಟವಳು ನಾನೇ. ಆ ಪುಟದಲ್ಲಿ ಮಾತ್ರ ಟಿಪ್ಪಣಿ ನೋಡಲಿಲ್ಲ. ನೋಡುವ ಅಗತ್ಯವೇ ಕಾಣಲಿಲ್ಲ. ಯಾಕೆಂದರೆ ಆ ಪುಟ ಜಪಾನಿನದ್ದಲ್ಲ, ಚಿಕ್ಕಮ್ಮನದ್ದು.

ಇಲ್ಲಿ ಬರೆದುಬಿಡುತ್ತೇನೆ, ಬರೆಯದಿದ್ದರೆ ಎದೆ ಒಡೆಯುತ್ತದೆ. ಚಿಕ್ಕಮ್ಮ ಭೈರಮ್ಮ ನಾಟಕ ಕಂಪನಿಯಲ್ಲಿದ್ದವಳು. ನನ್ನ ತಾಯಿಯ ತಂಗಿ. ನನಗೆ ಐದು ವರ್ಷವಿದ್ದಾಗ ಅಮ್ಮ ತೀರಿಕೊಂಡಳು. ತಂತಿ ಬಂದಾಗ ಚಿಕ್ಕಮ್ಮ ಬಣ್ಣ ಹಚ್ಚಿಕೊಂಡು ಕೂತಿದ್ದಳಂತೆ. ಅವತ್ತು ಅವಳದ್ದು ಜನರನ್ನು ನಗಿಸುವ ಪಾತ್ರ. ಟಿಕೆಟ್ ಪೂರ್ತಿ ಹೋಗಿತ್ತು. ಮೂರು ಗಂಟೆ ನಗಿಸಿ ಒಳಗೆ ಬಂದು, ತೆಂಗಿನೆಣ್ಣೆಯಲ್ಲಿ ಬಣ್ಣ ಒರೆಸಿಕೊಂಡು, ಆಮೇಲೆ ಅತ್ತಳಂತೆ. ನನಗೆ ಇಪ್ಪತ್ತು ವರ್ಷವಾದಾಗ ಒಂದೇ ಒಂದು ಸಲ ಹೇಳಿದ್ದಳು. “ಯಾರಿಗೂ ಹೇಳಬೇಡ ಕಣೇ,” ಎಂದು ಕೈ ಹಿಡಿದುಕೊಂಡಿದ್ದಳು.

ಹೇಳಲಿಲ್ಲ. ಐನೂರು ಪ್ರತಿ ಅಚ್ಚು ಹಾಕಿಸಿದೆ. ಅಕ್ಕ ಸತ್ತ ಸುದ್ದಿ ಬಂದ ದಿನವೂ ಕಿಯೋ ಕುಣಿದಳು, ನಗಿಸಿದಳು, ಎಣ್ಣೆ ಹಚ್ಚಿ ಬಣ್ಣ ತೆಗೆದು ಅತ್ತಳು.

ಆ ವರ್ಷವೇ ಕಂಪನಿ ಮುಚ್ಚಿ ನಮ್ಮ ಮನೆಗೆ ಬಂದು, ನನ್ನನ್ನು ಸಾಕಿ, ಓದಿಸಿ, ಮೇಡಂ ಮಾಡಿದವಳ ಬಾಯಿಂದ ಬಂದ ಒಂದೇ ಗುಟ್ಟು. ಕೇಳದೆ ಎತ್ತಿಕೊಂಡೆ. ಅವಳಿಗೆ ಗೊತ್ತಾದರೆ ನನ್ನ ಮುಖ ನೋಡುತ್ತಾಳೆಯೆ?

ಫೆಬ್ರವರಿ 18, ಮಂಗಳವಾರ

ತಲೆನೋವು. ಫೋನು ಆರಿಸಿಟ್ಟಿದ್ದೇನೆ.

ಫೆಬ್ರವರಿ 22, ಶನಿವಾರ

ಮನೆಯಲ್ಲಿ ಕೂತರೆ ಹುಚ್ಚು ಹಿಡಿಯುತ್ತದೆಂದು ತರಕಾರಿಗೆ ಹೋದೆ. ಬಸ್‌ಸ್ಟ್ಯಾಂಡಿನ ಹೋಟೆಲಿನ ಮುಂದೆ ಹಾರ್ಮೋನಿಯಂ ಮೇಷ್ಟ್ರು ಶಿವಮೂರ್ತಿ ಸಿಕ್ಕರು. ಸುತ್ತಮುತ್ತಲ ಹಳ್ಳಿಗಳಿಗೆಲ್ಲ ಪೌರಾಣಿಕ ನಾಟಕ ಕಲಿಸುವವರು. ಅವರ ಗಂಟಲಿಗೆ ಮೈಕು ಬೇಡ. “ಮೇಡಂ, ಓದ್ದೆ! ಬಣ್ಣಾನ ತೆಂಗಿನೆಣ್ಣೇಲಿ ತೆಗೆಯೋರು ಜಪಾನಿನೋರಲ್ಲ, ನಾವು! ಇದು ನಿಮ್ಮ ಚಿಕ್ಕಮ್ಮ ಭೈರಮ್ಮನೋರ ಕಥೆ ಅಲ್ವಾ?”

ಟೀ ಕುಡಿಯುತ್ತಿದ್ದವರೆಲ್ಲ ತಿರುಗಿ ನೋಡಿದರು. ಪಾಪ, ಅವರು ಹೆಮ್ಮೆಯಿಂದಲೇ ಕೇಳಿದ್ದು. ನಾನು ಅಲ್ಲ ಎಂದೆ, ಹೌದು ಎಂದೆ, ಬೀನ್ಸು ತಗೋಬೇಕು ಎಂದೆ, ಬಂದುಬಿಟ್ಟೆ.

ಸುದ್ದಿಗೆ ಬಸ್ಸು ಬೇಕೇ? ಸಂಜೆಯೊಳಗೆ ಕಂದಿಕೆರೆಯಿಂದ ದೊಡ್ಡಮ್ಮನ ಮಗಳು ಪುಷ್ಪಲತಾ ಫೋನು ಮಾಡಿದಳು. “ಚಿಕ್ಕಮ್ಮನ್ನ ಸೂಳೆ ಮಾಡಿ ಪುಸ್ತಕ ಬರ್ದಿದೀಯಂತೆ! ಮೊಮ್ಮಗಳಿಗೆ ಗಂಡು ನೋಡ್ತಿದೀವಿ, ಗೊತ್ತಾ ನಿನಗೆ? ಇಷ್ಟು ವರ್ಷ ಮುಚ್ಚಿಟ್ಟಿದ್ದನ್ನ ಬೀದಿಗೆ ತಂದ್ಯಲ್ಲೇ!” ಗೇಶಾ ಎಂದರೆ ಹಾಗಲ್ಲ, ಅದೊಂದು ಕಲೆ ಎಂದು ನಾನು ಪಾಠ ಶುರು ಮಾಡಿದೆ. ಅವಳು ಫೋನಿಟ್ಟಳು.

ಬೆಂಗಳೂರಿನಿಂದ ಏನೂ ಬಂದಿಲ್ಲ.

ಫೆಬ್ರವರಿ 28, ಶುಕ್ರವಾರ

ಅಟ್ಟದಲ್ಲಿ ಒಂದು ವರ್ಷದಿಂದ ಒಣಗಿದ ಕಾಯಿಗಳನ್ನು ತೋಟದ ಆಳು ಕೆಂಚಯ್ಯ ಇಳಿಸಿ, ಸಿಪ್ಪೆ ಸುಲಿದು ಗುಡ್ಡೆ ಹಾಕಿದ. ಕರಟ ಒಡೆದು ಉಂಡೆ ಕೊಬ್ಬರಿ ತೆಗೆಯಲು ಗಂಗಲಕ್ಷ್ಮಿ, ಮರಿಯಮ್ಮ, ಇನ್ನಿಬ್ಬರು ಹೆಂಗಸರು ಬಂದಿದ್ದಾರೆ. ಹದಿನೈದು ದಿನದ ಕೆಲಸ. ಚಿಕ್ಕಮ್ಮ ಪ್ರತಿ ವರ್ಷದಂತೆ ಶೆಡ್ಡಿನಲ್ಲಿ ಅವರ ನಡುವೆ ಕುರ್ಚಿ ಹಾಕಿಸಿಕೊಂಡು ಕೂತಿದ್ದಾಳೆ. ಎಂಬತ್ತನಾಲ್ಕಾದರೂ ಒಂದೊಂದು ಕಾಯನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಕೊಬ್ಬರಿ ಕರಟ ಬಿಟ್ಟಿದೆಯೋ ಇಲ್ಲವೋ ಹೇಳುತ್ತಾಳೆ.

ಅವಳ ಕಿವಿಗೆ ಇನ್ನೂ ಏನೂ ಬಿದ್ದಿಲ್ಲ. ಬಿದ್ದಿದ್ದರೆ ನನಗೆ ಗೊತ್ತಾಗುತ್ತಿತ್ತು.

ಮಾರ್ಚ್ 3, ಸೋಮವಾರ

ಮಜ್ಜಿಗೆ ತಗೊಂಡು ಶೆಡ್ಡಿಗೆ ಹೋದರೆ, ಗಂಗಲಕ್ಷ್ಮಿ ಕೈಯಲ್ಲಿ ಕತ್ತಿಯಿಲ್ಲ, ಪುಸ್ತಕವಿದೆ. ನನ್ನ ಪುಸ್ತಕ! ಗಟ್ಟಿಯಾಗಿ ಓದುತ್ತಿದ್ದಾಳೆ. ಮಿಕ್ಕವರು ಕೇಳುತ್ತ ಕೆಲಸ ಮಾಡುತ್ತಿದ್ದಾರೆ. ಅವಳ ಪಾಲಿನ ಕಾಯನ್ನು ಆ ಮೂವರೂ ಹಂಚಿಕೊಂಡು ಒಡೆದುಕೊಡುತ್ತಿದ್ದಾರೆ. ನಲವತ್ತೊಂದನೇ ಪುಟಕ್ಕೆ ಬಂದಿದ್ದಾರೆ. ಚಿಕ್ಕಮ್ಮ ಕಣ್ಣು ಮುಚ್ಚಿ ಕೂತಿದ್ದಳು.

ಗಂಗಲಕ್ಷ್ಮಿ ನನ್ನ ಹಳೆಯ ವಿದ್ಯಾರ್ಥಿನಿ, ಇತಿಹಾಸದಲ್ಲಿ ಎರಡು ಸಲ ನಪಾಸಾದವಳು. “ಮಿಸ್, ಕ್ಲಾಸಲ್ಲಿ ಹಿಂಗೆ ಹೇಳ್ಕೊಟ್ಟಿದ್ರೆ ನಾನು ಪಾಸಾಗ್ತಿದ್ದೆ ಬುಡಿ!” ಎಂದು ನಕ್ಕಳು. ಓದುವುದು ಸಾಕು, ಕೆಲಸ ಹಿಂದೆ ಬೀಳುತ್ತದೆ ಎಂದೆ. “ಎಲ್ಲಿ ಹಿಂದೆ ಬಿದ್ದದೆ? ಕಥೆ ಕೇಳ್ಕಂಡು ಕೈ ಜಾಸ್ತಿ ಓಡ್ತದೆ,” ಎಂದು ಮರಿಯಮ್ಮ ಗುಡ್ಡೆ ತೋರಿಸಿದಳು. ಹೌದು, ಗುಡ್ಡೆ ದೊಡ್ಡದೇ ಇತ್ತು.

ಕಿಯೋ ಅವರಿಗೆ ಈಗಾಗಲೇ ಕಿಯಮ್ಮ ಆಗಿದ್ದಾಳೆ.

ಮಾರ್ಚ್ 5, ಬುಧವಾರ

ಶೆಡ್ಡಿನ ಪಕ್ಕದಲ್ಲೇ ಬಟ್ಟೆ ಒಗೆಯುವ ನೆಪ ಮಾಡಿಕೊಂಡು ಕೇಳಿಸಿಕೊಂಡೆ. ಒಗೆದದ್ದನ್ನೇ ಒಗೆದೆ.

ಕಿಯೋ ಜಡೆ ಕೆಡದಂತೆ ಮರದ ದಿಂಬಿನ ಮೇಲೆ ಮಲಗುತ್ತಾಳೆ ಎನ್ನುವಲ್ಲಿ, “ಕತ್ತು ಉಳುಕಲ್ವಾ?” ಎಂದು ಒಬ್ಬಳು. “ಅಷ್ಟು ಸುತ್ತು ಬಟ್ಟೆ ಸುತ್ಕಂಡು ಉಚ್ಚೆಗೆ ಹೆಂಗೆ ಹೋಯ್ತಿದ್ಲು?” ಎಂದು ಇನ್ನೊಬ್ಬಳು. ನಾಲ್ಕು ವರ್ಷ ಬರೆದೆ, ಆ ಪ್ರಶ್ನೆ ನನಗೇ ಹೊಳೆದಿರಲಿಲ್ಲ. ಗೇಶಾ ಮನೆಯ ಯಜಮಾನಿ ಥೇಟು ತನ್ನ ಅತ್ತೆಯಂತೆ ಎಂದು ಮೂವರೂ ಜಗಳವಾಡಿದರು, ಪ್ರತಿಯೊಬ್ಬಳಿಗೂ ತನ್ನ ಅತ್ತೆಯೇ ಸರಿ.

ಆಮೇಲೆ ಮರಿಯಮ್ಮ ನೇರವಾಗಿ ಕೇಳಿದಳು: “ಅಲ್ಲಾ ಕಣೇ ಗಂಗಾ, ಇವಳು ಸೂಳೆಯಾ?”

ನನ್ನ ಕೈಯ ಸೋಪು ಜಾರಿ ಬಿತ್ತು.

“ಓದಿದ್ದು ಕೇಳ್ಲಿಲ್ವಾ? ಹಾಡು ಕುಣಿತ ಕಲ್ತು ದುಡಿದು ತಿನ್ನೋಳು,” ಎಂದಳು ಗಂಗಲಕ್ಷ್ಮಿ.

ಮರಿಯಮ್ಮ ಎರಡು ಕಾಯಿ ಒಡೆದಳು. “ಸರಿ ಬುಡು. ನಾನು ಗಾರ್ಮೆಂಟ್ಸಿಗೆ ಹೋಯ್ತಿದ್ದಾಗ ನಮ್ಮೂರೋರು ನಂಗೂ ಅದನ್ನೇ ಅಂದಿದ್ರು. ಹೆಣ್ಣು ಹೊತ್ತು ಮುಳುಗಿದ್ಮೇಲೆ ದುಡಿದು ಬಂದ್ರೆ ಎಲ್ಲಾ ಊರೂ ಒಂದೇ. ಮುಂದಕ್ಕೆ ಓದು.”

ಅಲ್ಲೇ ಕೂತು ಅತ್ತೆನೋ ನಕ್ಕೆನೋ ಗೊತ್ತಿಲ್ಲ. ಎದೆಯ ಮೇಲಿನ ಅರ್ಧ ಭಾರ ಇಳಿಯಿತು. ಇನ್ನರ್ಧ ಚಿಕ್ಕಮ್ಮ. ಅವಳು ಒಂದು ಮಾತೂ ಆಡುತ್ತಿಲ್ಲ, ಬರೀ ಕೇಳುತ್ತಿದ್ದಾಳೆ. ದಿನಕ್ಕೆ ಇಪ್ಪತ್ತು ಪುಟ ಎಂದರೆ ನೂರ ಹನ್ನೆರಡನೇ ಪುಟ ಶುಕ್ರವಾರ ಬರುತ್ತದೆ.

ಮಾರ್ಚ್ 6, ಗುರುವಾರ

ಮಾಡಬಾರದ್ದು ಮಾಡಿದೆ. ಅವರು ಊಟಕ್ಕೆ ಎದ್ದಾಗ ಶೆಡ್ಡಿನಿಂದ ಪುಸ್ತಕ ತಂದು ರಾಗಿ ಡಬ್ಬದಲ್ಲಿ ಹೂತಿಟ್ಟೆ. ಅರವತ್ತು ವರ್ಷದ ನಿವೃತ್ತ ಉಪಾಧ್ಯಾಯಿನಿ, ತಾನೇ ಬರೆದ ಪುಸ್ತಕವನ್ನು ಕದ್ದು ರಾಗಿಯೊಳಗೆ! ಮಧ್ಯಾಹ್ನ ಗಂಗಲಕ್ಷ್ಮಿ ಹುಡುಕಿ ಹುಡುಕಿ, ಸೈಕಲ್ ತಗೊಂಡು ಲೈಬ್ರರಿಗೆ ಹೋಗಿ ಇನ್ನೊಂದು ಪ್ರತಿ ತಂದಳು. ಆ ಪ್ರತಿಯನ್ನು ಲೈಬ್ರರಿಗೆ ದಾನ ಕೊಟ್ಟವಳು ನಾನೇ.

ಯಜಮಾನರು ರೊಟ್ಟಿಗೆ ಹಿಟ್ಟು ಮಾಡಿಸಲು ರಾಗಿ ತುಂಬಲು ಹೋಗಿ ಪುಸ್ತಕ ಕಂಡು, ನನ್ನ ಮುಖ ನೋಡಿ, ಏನೂ ಕೇಳದೆ ಒರೆಸಿ ಮೇಜಿನ ಮೇಲಿಟ್ಟರು.

ಮಾರ್ಚ್ 7, ಶುಕ್ರವಾರ

ಹಿತ್ತಲ ಬಾಗಿಲ ಹಿಂದೆ ನಿಂತು ಕೇಳಿದೆ. ನೂರ ಹನ್ನೆರಡನೇ ಪುಟ ಬಂತು. ಅಕ್ಕ ಸತ್ತ ಸುದ್ದಿ ಕಿಯೋಗೆ ತಲುಪಿತು, ಕಿಯೋ ಒಳಗೆ ಹೋಗಿ ಕುಣಿದಳು. ಕರಟ ಒಡೆಯುವ ಸದ್ದು ಒಂದೊಂದಾಗಿ ನಿಂತಿತು. ಮೂರು ಕತ್ತಿಗಳೂ ಸುಮ್ಮನಾದವು. ಗಂಗಲಕ್ಷ್ಮಿಯ ದನಿ ಎಣ್ಣೆಯ ಸಾಲಿನಲ್ಲಿ ತೊದಲಿತು. ಮರಿಯಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡಳು.

ಅವರೆಲ್ಲ ಚಿಕ್ಕಮ್ಮನ ಕಡೆ ನೋಡುತ್ತಿದ್ದರು. ಅವರಿಗೂ ಗೊತ್ತಿತ್ತು. ಇಡೀ ತುರುವೇಕೆರೆಗೆ ಗೊತ್ತಿದ್ದದ್ದು ಅವರಿಗೆ ಗೊತ್ತಿಲ್ಲದಿರುತ್ತದೆಯೆ?

ಚಿಕ್ಕಮ್ಮ, “ಯಾಕೆ ನಿಲ್ಸಿದೆ? ಓದು,” ಎಂದಳು. ಅಷ್ಟೇ.

ನನ್ನ ಜೊತೆ ಮಾತಿಲ್ಲ. ಊಟಕ್ಕೆ ಬಾ ಎಂದರೆ ಬಂದಳು, ತಿಂದಳು, ಎದ್ದಳು.

ಮಾರ್ಚ್ 9, ಭಾನುವಾರ

ಬೆಂಗಳೂರಿನ ಪತ್ರಿಕೆಯಲ್ಲಿ ವಿಮರ್ಶೆ ಬಂದಿದೆಯಂತೆ, ಶ್ರೀರಂಗಯ್ಯನವರು ಫೋನು ಮಾಡಿ ಹೇಳಿದರು. ಆಮೇಲೆ ನೋಡಬೇಕು.

ಚಿಕ್ಕಮ್ಮ ಇವತ್ತು ಅರ್ಧ ಮುದ್ದೆ ಬಿಟ್ಟಳು. ಹುರುಳಿಕಾಳು ಸಾರು ಅವಳಿಗೆ ಪ್ರಾಣ ಎಂದು ಮಾಡಿದ್ದೆ. ಮಂಡಿಗೆ ಎಣ್ಣೆ ಹಚ್ಚಲೇ ಎಂದೆ. ಕಾಲು ಚಾಚಿದಳು. ಹಚ್ಚಿದೆ. ಅವಳ ಕಾಲಿನ ಮೇಲೆ ಗೆಜ್ಜೆಯ ಹಳೇ ಗುರುತು ಇನ್ನೂ ಇದೆ, ಇಷ್ಟು ವರ್ಷ ನಾನು ಅದನ್ನು ಸರಿಯಾಗಿ ನೋಡಿಯೇ ಇರಲಿಲ್ಲ. ಕ್ಷಮಿಸು ಎನ್ನಬೇಕೆಂದು ಬಾಯಿ ತೆರೆದೆ. ಧೈರ್ಯ ಸಾಲಲಿಲ್ಲ.

ಮಾರ್ಚ್ 11, ಮಂಗಳವಾರ

ನಾನು ಬಚ್ಚಲಿನಲ್ಲಿದ್ದಾಗ ನನ್ನ ಫೋನು ಬಡಿದುಕೊಂಡಿತು. ಚಿಕ್ಕಮ್ಮ ಎತ್ತಿದಳು. ಪುಷ್ಪಲತಾ ಇರಬೇಕು.

“ಹೂಂ ಕಣೇ ಪುಷ್ಪಾ, ನಂದೇ ಕಥೆ. ನಾನು ಕಂಪನೀಲಿದ್ದೆ ಅಂತ ನಿಂಗೆ ಈಗ ಗೊತ್ತಾಯ್ತೇನೇ? ನಿನ್ನ ಮದುವೇಲಿ ಅಷ್ಟು ಜನದ ಮುಂದೆ ಹಾಡು ಹೇಳು ಚಿಕ್ಕಮ್ಮಾ ಅಂತ ಕೈ ಹಿಡ್ಕಂಡು ಎಳೆದೋಳು ಯಾರು? ಆವಾಗ ಮರ್ಯಾದೆ ಎಲ್ಲೋಗಿತ್ತು? ಗಂಡಿನ ಕಡೆಯೋರು ಬಂದಾಗ ಹೇಳು, ನಾನೇ ಬಂದು ಹಾಡ್ತೀನಿ.”

ಬಚ್ಚಲಿನಲ್ಲೇ ನಿಂತು, ತಣ್ಣಗಾದ ನೀರು ಮೈಮೇಲೆ ಸುರಿದುಕೊಳ್ಳುತ್ತ ನಕ್ಕೆ. ಹೊರಗೆ ಬಂದೆ. ನನಗೆ ಫೋನು ಕೊಟ್ಟಳು, ಮಾತು ಕೊಡಲಿಲ್ಲ.

ಮಾರ್ಚ್ 13, ಗುರುವಾರ

ಇವತ್ತು ಮಧ್ಯಾಹ್ನ ಪುಸ್ತಕ ಮುಗಿಯಿತು. ನಾನೂ ಶೆಡ್ಡಿನಲ್ಲೇ ಕರಟದ ರಾಶಿಯ ಪಕ್ಕ ಕೂತಿದ್ದೆ, ಅವಿತುಕೊಂಡು ಸಾಕಾಗಿತ್ತು. ಕೊನೆಯಲ್ಲಿ ಕಾಲ ಬದಲಾಗುತ್ತದೆ, ಗೇಶಾ ಮನೆ ಮುಚ್ಚುತ್ತದೆ, ಮುದುಕಿ ಕಿಯೋ ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಚಳಿಗೆ ಸಾಯುತ್ತಾಳೆ. ಬರೆದಾಗ ಬಹಳ ಚೆನ್ನಾಗಿ ಬಂತೆಂದು ಬೀಗಿದ್ದೆ.

ಗಂಗಲಕ್ಷ್ಮಿ ಪುಸ್ತಕ ಮುಚ್ಚಿದಳು. ಚಿಕ್ಕಮ್ಮ ಕಣ್ಣು ಬಿಟ್ಟಳು, ನನ್ನ ಕಡೆ ತಿರುಗಿದಳು. ಆರು ದಿನದ ಮೇಲೆ ಮೊದಲ ಮಾತು.

“ಯಾಕೆ ಸಾಯ್ಸಿದ್ಯೇ ಅವಳ್ನ?”

“ಅದಿರಲಿ ಚಿಕ್ಕಮ್ಮ,” ಎಂದೆ. “ನನ್ನ ತಪ್ಪಾಯ್ತು. ಯಾರಿಗೂ ಹೇಳಬೇಡ ಅಂತ ನೀನು ಅಂದಿದ್ದೆ. ನಾನು ಊರಿಗೆಲ್ಲ ಹೇಳಿಬಿಟ್ಟೆ. ಆರು ದಿನದಿಂದ ನೀನು ಮಾತಾಡಲಿಲ್ಲ, ನನಗೆ...”

“ಅಯ್ಯೋ ಹುಚ್ಚೀ! ಹೇಳಬೇಡ ಅಂದಿದ್ದು ನಿಮ್ಮಪ್ಪನಿಗೆ ಕಣೇ. ಹೆಂಡ್ತಿ ಸತ್ತ ದಿವ್ಸ ಇವಳು ಜನಾನ ನಗಿಸ್ತಾ ಇದ್ಲು ಅಂತ ಆತ ನೊಂದ್ಕೋತಾನೆ ಅಂತ. ಆತ ಹೋಗಿ ಮೂವತ್ತು ವರ್ಷ ಆಯ್ತು. ನಾನೇನು ಜಪಾನಿನೋರಿಗೆ ಹೇಳಬೇಡ ಅಂದಿದ್ನಾ?”

“ಮತ್ತೆ ಯಾಕೆ ಮಾತಾಡಲಿಲ್ಲ?”

“ಆಟ ನಡೀತಿರುವಾಗ ಯಾರಾದ್ರೂ ಮಾತಾಡ್ತಾರಾ? ನಮ್ಮ ಕಂಪನೀಲಿ ಮಂಗಳ ಹಾಡೋಗಂಟ ಆವತ್ತಿನ ನಾಟಕದ ಬಗ್ಗೆ ಯಾರೂ ಬಾಯಿ ಬಿಡಂಗಿರ್ಲಿಲ್ಲ. ಚೆನ್ನಾಗಿದೆ ಅಂದ್ರೆ ಉಬ್ತಾರೆ, ಇಲ್ಲ ಅಂದ್ರೆ ಕುಗ್ತಾರೆ. ಎರಡರಿಂದ್ಲೂ ಪಾತ್ರ ಕೆಡ್ತದೆ. ನಿನ್ನ ಜೊತೆ ಬಾಯಿ ತೆಗೆದ್ರೆ ಅದೇ ಬರ್ತಿತ್ತು, ಅದಕ್ಕೇ ಸುಮ್ಮನಿದ್ದೆ. ಈಗ ಮುಗೀತಲ್ಲ, ಕೇಳ್ತಾ ಇದೀನಿ. ಅವಳ್ನ ಯಾಕೆ ಸಾಯ್ಸಿದೆ?”

ಆರು ದಿನ ನಾನು ಸತ್ತು ಸತ್ತು ಹುಟ್ಟಿದ್ದು ಕಂಪನಿಯ ಒಂದು ಕಟ್ಟಳೆಗೆ! ದೇವರೇ, ಎಷ್ಟು ಹಗುರವಾಯಿತು ಜೀವ. ಮರಿಯಮ್ಮ ನನ್ನನ್ನು ನೋಡಿ ಕಿಸಕ್ಕನೆ ನಕ್ಕಳು, ಅವಳ ಹಿಂದೆ ಎಲ್ಲರೂ ನಕ್ಕರು, ನಾನೂ ನಕ್ಕೆ.

“ಇತಿಹಾಸದಲ್ಲಿ ಹಾಗೇ ಆಗುತ್ತಿತ್ತು ಚಿಕ್ಕಮ್ಮ,” ಎಂದು ಕಣ್ಣೊರೆಸಿಕೊಂಡು ಹೇಳಿದೆ. “ಮನೆ ಮುಚ್ಚಿತು, ಕೆಲಸ ಹೋಯಿತು, ಅವಳಿಗೆ ದಿಕ್ಕಿರಲಿಲ್ಲ. ನಿನ್ನ ಕಂಪನಿ ಮುಚ್ಚಿದ ಹಾಗೆ.”

“ನನ್ನ ಕಂಪನಿ ಯಾವಾಗ ಮುಚ್ತು?”

“ಅಮ್ಮ ಹೋದ ವರ್ಷ. ಕಂಪನಿ ಮುಚ್ಚಿತು, ಅದಕ್ಕೇ ಬಂದೆ ಅಂತ ನೀನೇ ಹೇಳಿದ್ದೆಯಲ್ಲ.”

ಚಿಕ್ಕಮ್ಮ ಮಡಿಲಲ್ಲಿದ್ದ ಕಾಯನ್ನು ಕೆಳಗಿಟ್ಟಳು. “ಮುಚ್ಲಿಲ್ಲ ಕಣೇ. ನಾನು ಬಂದ್ಮೇಲೂ ಆರು ವರ್ಷ ನಡೀತು. ಕಂಪನಿ ಯಜಮಾನ್ರು ಎರಡು ಸಲ ಕರೆಯೋಕೆ ಬಂದಿದ್ರು. ಒಂದ್ಸಲ ನಿಂಗೆ ದಡಾರ ಎದ್ದಿತ್ತು. ಇನ್ನೊಂದ್ಸಲ ನಿಂಗೆ ಪರೀಕ್ಷೆ ಇತ್ತು. ಆಮೇಲೆ ಅವ್ರು ಬರ್ಲಿಲ್ಲ.”

ಐವತ್ತೈದು ವರ್ಷ ನಂಬಿಕೊಂಡಿದ್ದೆ. ಇತಿಹಾಸದ ಮೇಡಂ ನಾನು.

“ಮತ್ತೆ ಯಾಕೆ ಸುಳ್ಳು ಹೇಳಿದೆ?”

“ಐದು ವರ್ಷದ ಮಗೂಗೆ ಇನ್ನೇನು ಹೇಳ್ಲಿ? ನಿಂಗೋಸ್ಕರ ಕಂಪನಿ ಬುಟ್ ಬಂದೆ ಅಂದ್ರೆ, ಆಡೋ ವಯಸ್ಸಲ್ಲಿ ನೀನು ಆ ಹೊರೆ ಹೊತ್ಕಂಡು ಓಡಾಡ್ತಿದ್ದೆ.” ಅವಳು ಗಂಗಲಕ್ಷ್ಮಿಯ ಕೈಯಿಂದ ಪುಸ್ತಕ ತೆಗೆದುಕೊಂಡು, ರಟ್ಟಿನ ಮೇಲಿದ್ದ ಕಿಯೋಳ ಬಿಳಿ ಮುಖವನ್ನು ಸೆರಗಿನಿಂದ ಒರೆಸಿದಳು. ಕೊಬ್ಬರಿಯ ಧೂಳು ಕೂತಿತ್ತು. “ಪಾಪ, ಇವಳ ಅಕ್ಕನೂ ಒಂದು ಮಗೂನ ಬುಟ್ಟು ಹೋಗಿದ್ರೆ, ಇವಳೂ ಸಾಯ್ತಿರ್ಲಿಲ್ಲ ಕಣೇ ಸುನಂದಾ.”